ದೇವೀರಮ್ಮನ ಬೆಟ್ಟಕ್ಕೆ ಅತ್ತೆ-ಸೊಸೆಯ ಸವಾರಿ

ದೀಪಾವಳಿಯ ಹೊತ್ತಿನಲ್ಲಿ ಗೃಹಿಣಿಯಾದವಳು ಎಲ್ಲಿರಬೇಕು? ಅಡುಗೆಮನೆಯಲ್ಲಿ, ಇಲ್ಲವೇ ಬಚ್ಚಲು ಒಲೆಯ ಮುಂದೆ. ಹಂಡೆ ತೊಳೆದು ನೀರು ತುಂಬಬೇಕು, ಎಣ್ಣೆ ಬಿಸಿ ಮಾಡಿ ಎಲ್ಲರ ತಲೆಗೂ ಒತ್ತಬೇಕು, ಕಜ್ಜಾಯಕ್ಕೆ ಪಾಕ ನೋಡಬೇಕು. ನೀವೂ ಹಾಗೇ ಹೇಳುತ್ತೀರಿ. ಇಪ್ಪತ್ತೆರಡು ವರ್ಷ ನಾನೂ ಹಾಗೇ ನಡೆದುಕೊಂಡು ಬಂದವಳು. ಆದರೆ 2023ರ ದೀಪಾವಳಿಯಲ್ಲಿ, ನೀರು ತುಂಬುವ ಹಬ್ಬದ ಬೆಳಗ್ಗೆ, ನಾನೂ ನಮ್ಮತ್ತೆಯೂ ತಿಪಟೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಚೀಲ ಹಿಡಿದು ನಿಂತಿದ್ದೆವು! ಹಂಡೆಯನ್ನು ಹಿಂದಿನ ದಿನವೇ ಬೆಳಗಿಟ್ಟು, ಲಕ್ಷ್ಮೀಪೂಜೆಯ ಸಾಮಾನನ್ನು ಓರಗಿತ್ತಿಯ ಕೈಗೊಪ್ಪಿಸಿ, ಬಲಿಪಾಡ್ಯಮಿಯ ಹೋಳಿಗೆ ಹೊತ್ತಿಗೆ ಬಂದೇ ಬರುತ್ತೇನೆ ಅಂತ ಮಾತು ಕೊಟ್ಟು ಹೊರಟಿದ್ದಾಯಿತು. ಬೀದಿಯಲ್ಲಿ ಒಂದಿಬ್ಬರು "ಹಬ್ಬದಲ್ಲಿ ಎಲ್ಲಿಗ್ರೀ?" ಅಂತ ಕೇಳಿದರು. "ರೈಲಿಗೆ ಹೊತ್ತಾಯ್ತು" ಅಂದೆ. ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ ನೋಡಿ.

ಆ ವರ್ಷ ನರಕ ಚತುರ್ದಶಿ ನವೆಂಬರ್ 12, ಭಾನುವಾರ ಬಂದಿತ್ತು. ಶನಿವಾರ ಹೋಗಿ, ಭಾನುವಾರ ಬೆಳಗಿನ ಜಾವ ಚಿಕ್ಕಮಗಳೂರಿನ ದೇವೀರಮ್ಮನ ಬೆಟ್ಟ ಹತ್ತಿ ಇಳಿದು, ಅಂದೇ ಮೂಡಿಗೆರೆ, ಕಳಸದ ಮೇಲೆ ಹೊರನಾಡಿಗೆ ಹೋಗಿ, ಸೋಮವಾರ ರಾತ್ರಿಯೊಳಗೆ ಮನೆ ಸೇರುವುದು. ಇದು ನಮ್ಮತ್ತೆಯ ಲೆಕ್ಕ. ಅವರಿಗಾಗ ಅರವತ್ತೆಂಟು ವರ್ಷ, ಎಡ ಮಂಡಿಯಲ್ಲಿ ಸವಕಲು.

ಇಂಥ ಓಟದ ಪ್ರವಾಸ ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿರುವ ನಮ್ಮಕ್ಕನ ಮಗಳು ಆ ಸೆಪ್ಟೆಂಬರಿನಲ್ಲಿ ಫೋನು ಮಾಡಿ, "ಚಿಕ್ಕಮ್ಮಾ, ಶನಿವಾರ ರೈಲು ಹತ್ತಿ ಮ್ಯೂನಿಕ್‌ಗೆ ಹೋಗಿ, ಬಿಯರ್ ಹಬ್ಬ ನೋಡಿ ಭಾನುವಾರ ಬಂದ್ವಿ, ನಿಲ್ಲಕ್ಕೂ ಜಾಗ ಇರಲಿಲ್ಲ" ಅಂದಳು. ಬಿಯರಿಗೂ ಒಂದು ಹಬ್ಬವೇ ಅಂತ ನಾನು ಬಾಯಿ ಬಿಟ್ಟೆ. ಇದೆಯಂತೆ. 1810ರಲ್ಲಿ ಅಲ್ಲಿನ ಯುವರಾಜ ಲುಡ್ವಿಗ್, ತೆರೇಸಾ ಎಂಬ ರಾಜಕುಮಾರಿಯನ್ನು ಮದುವೆಯಾದಾಗ ಊರಾಚೆ ಬಯಲಿನಲ್ಲಿ ಕುದುರೆ ಓಟ ಇಟ್ಟರು. ಆ ಬಯಲಿಗೆ ಇಂದಿಗೂ ಮದುಮಗಳ ಹೆಸರೇ. ಮದುವೆ ಊಟ ಮುಗಿದು ಇನ್ನೂರು ವರ್ಷವಾದರೂ ಜನ ಎದ್ದು ಹೋಗಿಲ್ಲ! ಹೆಸರಿನಲ್ಲಿ ಅಕ್ಟೋಬರ್ ಇದ್ದರೂ ಹಬ್ಬ ಶುರುವಾಗುವುದು ಸೆಪ್ಟೆಂಬರಿನಲ್ಲಿ. ಒಂದೊಂದು ಮಗ್ಗೂ ಒಂದು ಲೀಟರಿನದು, ಖಾಲಿ ಮಗ್ಗೇ ಒಂದು ಕಿಲೋಗಿಂತ ಹೆಚ್ಚು ತೂಗುತ್ತದೆ. ಬಡಿಸುವ ಹೆಂಗಸರು ತುಂಬಿದ ಮಗ್ಗುಗಳನ್ನು ಹತ್ತು ಹತ್ತು ಎದೆಗಾನಿಸಿಕೊಂಡು ಜನರ ನಡುವೆ ನುಗ್ಗುತ್ತಾರಂತೆ. ಹೆಂಗಸರು ಉಡುವ ಹಳೆಯ ಕಾಲದ ಲಂಗಕ್ಕೆ ಮುಂದೆ ಒಂದು ಏಪ್ರನ್ನು. ಅದರ ಗಂಟನ್ನು ಬಲಕ್ಕೆ ಕಟ್ಟಿದರೆ ಮದುವೆಯಾದವಳು, ಎಡಕ್ಕೆ ಕಟ್ಟಿದರೆ ಆಗದವಳು. ನಮ್ಮ ತಾಳಿ, ಕಾಲುಂಗುರದ ಹಾಗೆ ಅನ್ನಿ. "ನೀನೇನು ಕುಡಿದೆಯೇ?" ಅಂದೆ. "ನಿಂಬೆಹಣ್ಣಿನ ಸೋಡಾ ಚಿಕ್ಕಮ್ಮಾ" ಅಂದಳು. ನಂಬಿದ್ದೇನೆ.

ಈ ಮಾತು ಪಕ್ಕದಲ್ಲಿ ಕೂತಿದ್ದ ನಮ್ಮತ್ತೆಯ ಕಿವಿಗೆ ಬಿತ್ತು. "ಅವಳು ಆ ದೇಶದಲ್ಲಿ ರೈಲಲ್ಲಿ ನಿಂತ್ಕೊಂಡು ಹಬ್ಬಕ್ಕೆ ಹೋಗಿ ಬರಬೋದಂತೆ, ನಮಗೆ ಚಿಕ್ಕಮಗಳೂರಿಗೆ ಹೋಗಕ್ಕಾಗಲ್ವೇನೇ? ಏಳನೇದು ಹಂಗೇ ನಿಂತೈತೆ ಕಣೇ" ಅಂದರು.

ಏಳನೆಯದು ಏನೆಂದರೆ ಹರಕೆ. ಅತ್ತೆಯ ತವರು ಚಿಕ್ಕಮಗಳೂರು. ಅವರಿಗೆ ಹುಟ್ಟಿದ ಮೊದಲ ಗಂಡು ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿ, ಉಳಿಯುವ ಭರವಸೆ ಇರಲಿಲ್ಲವಂತೆ. ಮಗು ಉಳಿದರೆ ಏಳು ದೀಪಾವಳಿ ಬೆಟ್ಟ ಹತ್ತಿ ಸೌದೆ ಒಪ್ಪಿಸುತ್ತೇನೆ ಅಂತ ಹೇಳಿಕೊಂಡರು. ಮಗು ಉಳಿಯಿತು. ಆರು ವರ್ಷ ಹತ್ತಿದರು. ಏಳನೆಯ ವರ್ಷ ಮಾವನವರಿಗೆ ಖಾಯಿಲೆ, ಆಮೇಲೆ ಇನ್ನೆರಡು ಬಾಣಂತನ, ಆಮೇಲೆ ಸಂಸಾರ. ಒಂದು ಹರಕೆ ನಲವತ್ತು ವರ್ಷ ಹಾಗೇ ನಿಂತಿತು. ಡಾಕ್ಟರು ಮಂಡಿ ಆಪರೇಷನ್ ಮಾತು ಎತ್ತಿದ ದಿನದಿಂದ ಅದೇ ಧ್ಯಾನ. ಆ ಮಗು ಯಾರು ಅಂತ ನಿಮಗೆ ಗೊತ್ತಾಗಿರಬೇಕು, ನಮ್ಮ ಯಜಮಾನರೇ. ಅವರನ್ನು ಕೇಳಿದರೆ "ನನಗೇನು, ಚೆನ್ನಾಗೇ ಇದ್ದೀನಲ್ಲ" ಅಂದುಬಿಟ್ಟರು. ಯಾರಿಗಾಗಿ ಹರಕೆಯೋ ಅವರಿಗೇ ಅದರ ಗೊಡವೆ ಇಲ್ಲ!

ಚಿಕ್ಕಮಗಳೂರಿಗೆ ರೈಲು ಎನ್ನುವುದೇ ಈಚಿನ ಮಾತು. ಸ್ವಾತಂತ್ರ್ಯ ಬರುವವರೆಗೆ ಇಡೀ ಜಿಲ್ಲೆಗೇ ಕಡೂರು ಜಿಲ್ಲೆ ಅಂತ ಹೆಸರಿತ್ತು. ರೈಲೂ ಕಡೂರಿಗೇ ನಿಂತುಬಿಡುತ್ತಿತ್ತು. ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಹಳಿ ಹಾಕಿ ಗಾಡಿ ಓಡಿಸಿದ್ದು 2013ರ ನವೆಂಬರಿನಲ್ಲಿ. ಬೆಂಗಳೂರು ಕಡೆಯಿಂದ ಬರುವ ಪ್ಯಾಸೆಂಜರ್ ಗಾಡಿ ತಿಪಟೂರು, ಅರಸೀಕೆರೆ, ಬಾಣಾವರ ಹಾಯ್ದು ಕಡೂರಿಗೆ ಬರುತ್ತದೆ. ನಮಗೆ ಕೂರಲು ಜಾಗ ಸಿಕ್ಕಿದ್ದು ಅರಸೀಕೆರೆಯಲ್ಲಿ. ಅಲ್ಲಿಯವರೆಗೆ ಅತ್ತೆ ಒಂದು ಟ್ರಂಕಿನ ಮೇಲೆ, ನಾನು ಒಂಟಿ ಕಾಲಿನ ಮೇಲೆ. ಹಬ್ಬಕ್ಕೆ ಊರಿಗೆ ಹೋಗುವವರ ಪಟಾಕಿ ಚೀಲ, ಚೆಂಡುಹೂವಿನ ಮೂಟೆ, ಅಳುವ ಮಕ್ಕಳು, ಕಡಲೆಕಾಯಿ ಸಿಪ್ಪೆ. ಕಡೂರು ಬಿಟ್ಟ ಮೇಲೆ ಬಲಗಡೆ ಕಿಟಕಿ ಹಿಡಿಯಿರಿ. ಸಖರಾಯಪಟ್ಟಣ ಬರುವ ಹೊತ್ತಿಗೆ ತೆಂಗು, ರಾಗಿ ಹೊಲ ಹಿಂದೆ ಸರಿದು, ದೂರದಲ್ಲಿ ಬೆಟ್ಟದ ಸಾಲು ನೀಲಿಯಾಗಿ ಕಾಣಿಸಿಕೊಳ್ಳುತ್ತದೆ. ಅದೇ ಚಂದ್ರದ್ರೋಣ ಪರ್ವತ. ಅದರಲ್ಲಿಯೇ ಮುಳ್ಳಯ್ಯನಗಿರಿ, ನಮ್ಮ ರಾಜ್ಯಕ್ಕೆಲ್ಲ ಎತ್ತರ, 1,930 ಮೀಟರು. ಅದರಲ್ಲಿಯೇ ಬಾಬಾಬುಡನ್‌ಗಿರಿ. 17ನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಮೆಕ್ಕಾ ಯಾತ್ರೆ ಮುಗಿಸಿ ಬರುವಾಗ ಯೆಮನ್ ದೇಶದಿಂದ ಏಳು ಕಾಫಿ ಬೀಜ ತಂದು ಇಲ್ಲಿ ಊರಿದರು ಎಂಬ ಪ್ರತೀತಿ. ಬೆಳಗ್ಗೆ ಎದ್ದು ಕಾಫಿ ಕಾಣದಿದ್ದರೆ ತಲೆನೋವು ಬರುವ ನಾವೆಲ್ಲ ಆ ಬೆಟ್ಟಕ್ಕೆ ಒಂದು ಕೈ ಮುಗಿಯಬೇಕು.

ಮಧ್ಯಾಹ್ನ ಚಿಕ್ಕಮಗಳೂರು. ಅತ್ತೆಯ ತಮ್ಮನ ಮನೆಯಲ್ಲಿ ಬಿಸಿ ಕಡುಬು, ಹುರುಳಿಕಾಳಿನ ಸಾರು. ಊಟ ಮಾಡಿ ಸಂಜೆ ಏಳಕ್ಕೇ ಮಲಗಿಬಿಟ್ಟೆವು. ರಾತ್ರಿ ಎರಡು ಗಂಟೆಗೆ ಎದ್ದು, ಬಿಸಿನೀರಿನಲ್ಲಿ ತಲೆಗೊಂದು ಚಿಟಿಕೆ ಎಣ್ಣೆ ಒತ್ತಿಕೊಂಡು (ನರಕ ಚತುರ್ದಶಿ ಅಲ್ಲವೇ, ಶಾಸ್ತ್ರ ಬಿಡುವಂತಿಲ್ಲ) ಮಲ್ಲೇನಹಳ್ಳಿಯ ಬಸ್ಸು ಹತ್ತಿದೆವು.

ದೇವೀರಮ್ಮನ ಬೆಟ್ಟ ಮಲ್ಲೇನಹಳ್ಳಿಯ ಬಳಿ, ಬಿಂಡಿಗ ಎನ್ನುವ ಊರಿನ ನೆತ್ತಿಯ ಮೇಲೆ ಶಂಕುವಿನ ಹಾಗೆ ನಿಂತಿದೆ. ಕೆಳಗೆ ಬಿಂಡಿಗದಲ್ಲಿ ದೇವಿಯ ಗುಡಿ ಇದೆ, ಅಲ್ಲಿ ಬೇರೆ ದಿನಗಳಲ್ಲೂ ದರ್ಶನ ಉಂಟು. ಬೆಟ್ಟದ ತುದಿಯ ದೇವಿಯ ದರ್ಶನ ಮಾತ್ರ ವರ್ಷಕ್ಕೊಮ್ಮೆ, ದೀಪಾವಳಿಯಲ್ಲಿ. ಹತ್ತುವುದು ಬರಿಗಾಲಲ್ಲಿ. ಮಲ್ಲೇನಹಳ್ಳಿ ಕಡೆಯಿಂದ ಒಂದು ದಾರಿ, ಅರಿಶಿನಗುಪ್ಪೆಯಿಂದ ಒಂದು, ಮೇಲೆ ಮಾಣಿಕ್ಯಧಾರೆಯ ಕಡೆಯಿಂದ ಗುಡ್ಡಗಳ ಏಣಿನ ಮೇಲೆ ಬರುವುದು ಇನ್ನೊಂದು. ಹರಕೆಯವರು ಸೌದೆ, ಬಟ್ಟೆ, ತುಪ್ಪ ಒಯ್ಯುತ್ತಾರೆ. ಅದನ್ನೆಲ್ಲ ಸೇರಿಸಿ ರಾತ್ರಿ ಬೆಟ್ಟದ ತಲೆಯ ಮೇಲೆ ದೀಪ ಹಚ್ಚುತ್ತಾರೆ. ಆ ಬೆಳಕು ಕಂಡ ಮೇಲೆ ಸುತ್ತಲ ಊರುಗಳ ಮನೆಗಳಲ್ಲಿ ಆರತಿ. ಅತ್ತೆ ಚಿಕ್ಕವರಿದ್ದಾಗ ಮಾಳಿಗೆ ಹತ್ತಿ ಬೆಟ್ಟ ನೋಡುತ್ತಾ ಕೂರುತ್ತಿದ್ದರಂತೆ, "ಬೆಳಕು ಕಾಣಾವರೆಗೂ ಒಬ್ಬಟ್ಟು ಮುಟ್ಟಕ್ಕೆ ಬಿಡ್ತಿರಲಿಲ್ಲ ನಮ್ಮವ್ವ" ಅನ್ನುತ್ತಾರೆ.

ಹತ್ತುವುದು ಹೇಗೆ ಅಂತ ಹೇಳಲಿ? ಮೆಟ್ಟಿಲು ಅಂದುಕೊಂಡು ಹೋಗಬೇಡಿ. ಮೊದಲು ತೋಟದ ಅಂಚು, ಆಮೇಲೆ ಕಾಡು, ಆಮೇಲೆ ಬರೀ ಹುಲ್ಲಿನ ಗುಡ್ಡ. ಇಬ್ಬನಿಗೆ ನೆನೆದು ಸಾವಿರಾರು ಪಾದ ತುಳಿದ ಮಣ್ಣು ಬೆಣ್ಣೆಯ ಹಾಗೆ ಜಾರುತ್ತದೆ. ಕೆಲವು ಕಡೆ ಎರಡೂ ಕೈ ಊರಿ ಮಗುವಿನ ಹಾಗೆ ಅಂಬೆಗಾಲಿಡಬೇಕು. ಕಡಿದಾದ ಕಡೆ ಹಗ್ಗ ಕಟ್ಟಿ ಹುಡುಗರು ನಿಂತು ಕೈ ಕೊಡುತ್ತಾರೆ. ಕತ್ತಲೆಯಲ್ಲಿ ಟಾರ್ಚುಗಳ ಸಾಲು ಮೇಲೆ ಮೇಲೆ ಹರಿದು ಹೋಗುವುದನ್ನು ಕೆಳಗಿನಿಂದ ನೋಡಿದರೆ ಬೆಟ್ಟಕ್ಕೆ ಯಾರೋ ಮಲ್ಲಿಗೆ ದಂಡೆ ಮುಡಿಸಿದ ಹಾಗೆ. ಕಂಕುಳಲ್ಲಿ ಕೂಸು ಇಟ್ಟುಕೊಂಡವರು, ಕಾಲೇಜು ಹುಡುಗಿಯರು, ಸೀರೆ ಕಚ್ಚೆ ಹಾಕಿದ ಅಜ್ಜಿಯರು ಎಲ್ಲರೂ ಇದ್ದರು. ಹೆಂಗಸರೇ ಹೆಚ್ಚೇನೋ ಅನ್ನಿಸಿತು.

ಅತ್ತೆ ಒಂದು ಗಂಟೆ ಚೆನ್ನಾಗಿಯೇ ಹತ್ತಿದರು. ಸೊಂಟಕ್ಕೆ ಸೆರಗು ಬಿಗಿದು, ಮೊಳದುದ್ದದ ಸೌದೆ ಚಕ್ಕೆಯನ್ನು ಮಡಿಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು, ಕೋಲೂರಿ. ಆಮೇಲೆ ಹತ್ತು ಹೆಜ್ಜೆಗೊಮ್ಮೆ ನಿಂತರು. ಆಮೇಲೆ ಐದಕ್ಕೆ. ಬೆಳಕು ಹರಿಯುವ ಹೊತ್ತಿಗೆ ಮೂರರಲ್ಲಿ ಎರಡು ಪಾಲು ದಾರಿ ಬಂದಿತ್ತು. ಮುಂದೆ ಬರೀ ಹುಲ್ಲುಗುಡ್ಡದ ನೆಟ್ಟಗಿನ ಏರು. ಒಂದು ಬಂಡೆಯ ಮೇಲೆ ಕುಳಿತರು. ಮಂಡಿ ಊದಿ ಸೇಬಿನಷ್ಟಾಗಿತ್ತು. ನಾನು ಎಣ್ಣೆ ಹಚ್ಚಿದೆ, ಬಟ್ಟೆ ಬಿಗಿದು ಕಟ್ಟಿದೆ. ಎದ್ದು ಒಂದು ಹೆಜ್ಜೆ ಇಟ್ಟು ಮತ್ತೆ ಕುಳಿತರು.

"ನಾನು ಇಲ್ಲೇ ಕೂತಿರ್ತೀನಿ. ನೀನು ಹೋಗು. ನನ್ನ ಸೌದೆ ನಿನ್ನ ಕೈಲಿ ಹೋಗ್ಲಿ."

ನೀವಾದರೆ ಏನು ಮಾಡುತ್ತಿದ್ದಿರಿ? ಮೊಬೈಲಿಗೆ ಸಿಗ್ನಲ್ ಇಲ್ಲ. ಜನ ಇರುವೆ ಸಾಲಿನಂತೆ. ಮಂಜು ಬಂದರೆ ಎದುರಿನವರ ಮುಖ ಕಾಣದು. ಹೆಚ್ಚುಕಡಿಮೆ ಆದರೆ ಮನೆಯಲ್ಲಿ ಏನು ಹೇಳಲಿ? "ಬೇಡ ಅತ್ತೆ, ಇಬ್ಬರೂ ಇಳಿದುಬಿಡೋಣ" ಅಂದೆ. ಅವರು ನನ್ನ ಕಡೆ ನೋಡಿದ ನೋಟವನ್ನು ನಾನು ಮರೆಯಲಾರೆ. ಬೈಗುಳವಲ್ಲ, ಅಳುವೂ ಅಲ್ಲ. ಬೆನ್ನಿನ ಗಂಟು ಬಿಚ್ಚಿ ಸೌದೆಯನ್ನು ನನ್ನ ಮಡಿಲಿಗೆ ಇಟ್ಟರು, ಅಷ್ಟೇ. ಪಕ್ಕದಲ್ಲಿ ಸುಧಾರಿಸಿಕೊಳ್ಳುತ್ತಿದ್ದ ಹಾಸನದ ಕಡೆಯ ಅಕ್ಕತಂಗಿಯರಿಬ್ಬರು "ಹೋಗ್ಬನ್ನಿ ಅಕ್ಕಾ, ನಮ್ಮ ಹುಡುಗ್ರು ಇಳಿದು ಬರೋವರೆಗೂ ನಾವೂ ಇಲ್ಲೇ ಇರ್ತೀವಿ" ಅಂದರು. ಬಂಡೆ ಬಿಟ್ಟು ಕದಲಬೇಡಿ ಅಂತ ಅತ್ತೆಗೆ ಮೂರು ಸಲ ಹೇಳಿ ನಾನು ಹತ್ತಿದೆ.

ಮೇಲೆ ಗಾಳಿಗೆ ನಿಲ್ಲಲಾಗದು. ಗುಡಿ ಚಿಕ್ಕದು, ಸಾಲು ದೊಡ್ಡದು. ಕ್ಷಣ ಹೊತ್ತು ದರ್ಶನ. ಸೌದೆಯನ್ನು ರಾಶಿಗೆ ಹಾಕುವಾಗ, ನಾನು ಕಂಡಿರದ ಆ ಹಸುಗೂಸನ್ನು ನೆನೆಸಿಕೊಂಡೆ. ಇಪ್ಪತ್ತೆರಡು ವರ್ಷ ಅನ್ನ ಬೇಯಿಸಿ ಹಾಕಿದ್ದು ಅದೇ ಕೂಸಿಗೆ ಅಲ್ಲವೇ! ಮಂಜು ಸರಿದಾಗ ಒಂದು ಕಡೆ ಮುಳ್ಳಯ್ಯನಗಿರಿಯ ಕಡೆಯ ಸಾಲು, ಇನ್ನೊಂದು ಕಡೆ ಬಯಲುಸೀಮೆಯ ಕೆರೆಗಳು ಕನ್ನಡಿ ಚೂರಿನಂತೆ. ಐದು ನಿಮಿಷವೂ ನಿಲ್ಲಲಿಲ್ಲ, ಇಳಿದೆ.

ಬಂಡೆಯ ಮೇಲೆ ಅತ್ತೆ ಇರಲಿಲ್ಲ.

ಅಕ್ಕತಂಗಿಯರೂ ಇಲ್ಲ. ಅದೇ ಬಂಡೆಯೇ ಅಂತ ಎರಡು ಸಲ ನೋಡಿದೆ. ನಾನು ಎಣ್ಣೆ ಹಚ್ಚಿದ ಕಾಗದ ಅಲ್ಲೇ ಬಿದ್ದಿತ್ತು. ಕೆಳಗೆ ನೋಡಿದರೆ ತಲೆಗಳೇ ತಲೆಗಳು. ಹಗ್ಗದ ಬಳಿ ನಿಂತ ಹುಡುಗನನ್ನು ಕೇಳಿದೆ, "ಹಸಿರು ಸೀರೆ ಅಜ್ಜಿ ಕಂಡ್ರಾ ಅಪ್ಪಾ?" ಅವನು ನಕ್ಕು ಮೇಲಕ್ಕೆ ಕೈ ತೋರಿಸಿದ. ದಾರಿಯ ಎಡಕ್ಕೆ, ಬಂಡೆಯಿಂದ ಐವತ್ತು ಹೆಜ್ಜೆ ಮೇಲೆ, ಒಂದು ಪೊದೆಯ ಮರೆಯಲ್ಲಿ ಅತ್ತೆ ಕುಳಿತು ಮಂಡಕ್ಕಿ ತಿನ್ನುತ್ತಿದ್ದಾರೆ! ಜನರ ನಡುವೆ ನಾನೇ ಅವರನ್ನು ದಾಟಿ ಇಳಿದಿದ್ದೆ. ಅಕ್ಕತಂಗಿಯರು ಎರಡು ತೋಳು ಹಿಡಿದು ಅಷ್ಟು ದೂರ ಹತ್ತಿಸಿದ್ದರಂತೆ. "ಸುಮ್ನೆ ಕೂತಿರಕ್ಕಾಗಲಿಲ್ಲ ಕಣೇ" ಅಂದರು. ನನಗೆ ಸಿಟ್ಟು, ಅಳು ಎರಡೂ ಬಂದು ಏನೂ ಹೇಳಲಾಗದೆ ನಾನೂ ಒಂದು ಹಿಡಿ ಮಂಡಕ್ಕಿ ತೆಗೆದುಕೊಂಡೆ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ಅದರಲ್ಲೂ ಮಂಡಿ ನೋವಿನವರಿಗೆ. ಅರ್ಧ ದಾರಿ ಅತ್ತೆ ಕೂತುಕೊಂಡೇ ಜಾರಿ ಬಂದರು, ಸೀರೆ ಹಿಂಭಾಗವೆಲ್ಲ ಕೆಮ್ಮಣ್ಣು.

ಇಲ್ಲಿ ಒಂದು ಮಾತು, ಹೆಂಗಸರಾದ ನಾವು ನಾವೇ ಹೇಳಿಕೊಳ್ಳದಿದ್ದರೆ ಇನ್ಯಾರೂ ಹೇಳುವುದಿಲ್ಲ. ಬೆಟ್ಟದ ದಾರಿಯಲ್ಲಿ ನಮಗೆ ಕಂಡ ಹಾಗೆ ಹೆಂಗಸರಿಗೆಂದು ಒಂದು ಮರೆ ಇರಲಿಲ್ಲ. ಆ ಭಯಕ್ಕೆ ಎಷ್ಟೋ ಜನ ರಾತ್ರಿಯಿಂದ ನೀರೇ ಕುಡಿದಿರುವುದಿಲ್ಲ, ಬಿಸಿಲೇರಿದ ಮೇಲೆ ತಲೆ ಸುತ್ತಿ ಕೂರುತ್ತಾರೆ. ಒಬ್ಬ ಹುಡುಗಿ ಹಾಗೆ ಕುಸಿದದ್ದನ್ನು ನಾವೇ ಕಂಡೆವು. ನೀವು ಹೋಗುವುದಾದರೆ ಕೆಳಗೇ ಎಲ್ಲ ಮುಗಿಸಿಕೊಂಡು, ಗುಟುಕು ಗುಟುಕಾಗಿಯಾದರೂ ನೀರು ಕುಡಿಯುತ್ತ ಹತ್ತಿ. ಸಕ್ಕರೆ, ಉಪ್ಪು ಬೆರೆಸಿದ ನಿಂಬೆ ಪಾನಕ ಒಳ್ಳೆಯದು. ಖಾಲಿ ಬಾಟಲನ್ನು ಬೆಟ್ಟದಲ್ಲಿ ಎಸೆಯಬೇಡಿ. ದೇವಿಯ ಸೆರಗಿಗೆ ಪ್ಲಾಸ್ಟಿಕ್ ಅಂಚು ನೋಡಿ ಹೊಟ್ಟೆ ಉರಿಯಿತು. ನೈಲಾನ್ ಸೀರೆ ಬೇಡ, ಚೂಡಿದಾರ್ ಆದರೆ ಇನ್ನೂ ಮೇಲು. ಹುಲ್ಲಿನಲ್ಲಿ ಉಂಬಳ ಹತ್ತಿದರೆ ಎಳೆಯಬೇಡಿ, ಚಿಟಿಕೆ ಉಪ್ಪೋ ಸುಣ್ಣವೋ ತಾಗಿಸಿದರೆ ತಾನೇ ಬೀಳುತ್ತದೆ. ಹತ್ತುವ ಹೊತ್ತು, ದಾರಿಗಳ ಬಗ್ಗೆ ಅಧಿಕಾರಿಗಳು ಒಂದೊಂದು ವರ್ಷ ಒಂದೊಂದು ಕಟ್ಟುಪಾಡು ಮಾಡುತ್ತಾರೆ. ಪತ್ರಿಕೆ ನೋಡಿಕೊಂಡು ಹೊರಡಿ.

ಬಿಂಡಿಗದ ಗುಡಿಯಲ್ಲಿ ಕೈ ಮುಗಿದಾಗ, ಹರಕೆ ತೀರಿದಂತೆಯೋ ಇಲ್ಲವೋ ಅಂತ ಅತ್ತೆಯನ್ನು ಕೇಳಿದೆ. "ಸೌದೆ ಹೋಯ್ತಲ್ಲ. ಉಳಿದಿದ್ದು ಅವಳಿಗೂ ನನಗೂ ಇರೋ ಲೆಕ್ಕ" ಅಂದರು.

ಇಷ್ಟಾದ ಮೇಲೆ ಮನೆಗೆ ಹೋಗೋಣ ಅನ್ನುತ್ತಾರೆ ಅಂದುಕೊಂಡಿರಾ? ಮಧ್ಯಾಹ್ನ ಎರಡೂವರೆಗೆ ನಾವು ಮೂಡಿಗೆರೆ ಬಸ್ಸಿನಲ್ಲಿದ್ದೆವು. 2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಟಿಕೆಟ್ಟಿಗೆ ಕಾಸಿಲ್ಲ, ಶಕ್ತಿ ಯೋಜನೆ. ಆಧಾರ್ ಕಾರ್ಡ್ ತೋರಿಸಿದರೆ ಸೊನ್ನೆ ರೂಪಾಯಿಯ ಟಿಕೆಟ್ಟು. ಅತ್ತೆ ಆ ಟಿಕೆಟ್ಟುಗಳನ್ನೆಲ್ಲ ಪರ್ಸಿನಲ್ಲಿ ಜೋಪಾನ ಮಾಡಿದರು. ಬಸ್ಸಿನ ತುಂಬ ನಮ್ಮ ಹಾಗೇ ಚೀಲ ಹಿಡಿದ ಹೆಂಗಸರು. ಗಂಡಸರಿಗೆ ಜಾಗವಿಲ್ಲ ಅಂತ ಗೊಣಗಾಟ ಒಂದಿತ್ತು. ನನಗೇನೋ, ಯಾರ ಕೈಯನ್ನೂ ಕಾಯದೆ ಬಸ್ಸು ಹತ್ತುವ ಆ ಮುಖಗಳನ್ನು ನೋಡಿ ಸಂತೋಷವೇ ಆಯಿತು. ಮಲೆನಾಡಿನಲ್ಲಿ ಖಾಸಗಿ ಬಸ್ಸುಗಳೂ ಬಹಳ, ಅವಕ್ಕೆ ದುಡ್ಡು ಕೊಡಬೇಕು, ಚಿಲ್ಲರೆ ಇಟ್ಟುಕೊಳ್ಳಿ.

ಆಲ್ದೂರಿನ ದಾರಿಯಲ್ಲಿ ಎರಡೂ ಕಡೆ ಕಾಫಿ ತೋಟ. ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ, ಅದರ ನೆರಳಲ್ಲಿ ಕಾಫಿ ಗಿಡ. ಆ ಕಾಲಕ್ಕೆ ಅರೇಬಿಕಾ ಹಣ್ಣಾಗಲು ಶುರು. ಗಿಡದ ತುಂಬ ಹಸಿರು, ಹಳದಿ, ಕೆಂಪು ಮಣಿ ಕಟ್ಟಿದ ಹಾಗೆ. ರೋಬಸ್ಟಾ ಇನ್ನೂ ಹಸಿರು, ಅದರ ಕೊಯ್ಲು ಸಂಕ್ರಾಂತಿ ಕಳೆದ ಮೇಲೆ. ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್, ಹಣ್ಣನ್ನೇ ಇಡಿಯಾಗಿ ಒಣಗಿಸಿದ್ದು ಚೆರಿ. ಮಾಮೂಲಾಗಿ ಒಂದು ಹಣ್ಣಿನಲ್ಲಿ ಎರಡು ಚಪ್ಪಟೆ ಬೀಜ, ಅಲ್ಲೊಂದು ಇಲ್ಲೊಂದರಲ್ಲಿ ಮಾತ್ರ ಒಂದೇ ದುಂಡು ಬೀಜ. ಅದೇ ಅಂಗಡಿಯವರು ಹೇಳುವ ಪೀಬೆರಿ. ಹಣ್ಣು ಬಿಡಿಸುವುದು ಹೆಚ್ಚಾಗಿ ಹೆಂಗಸರ ಕೈಕೆಲಸ, ಕೂಲಿ ಎಷ್ಟೋ ಕಡೆ ತೂಕದ ಮೇಲೆ. ಈಗ ಅಸ್ಸಾಮಿನಿಂದಲೂ ಸಂಸಾರ ಸಮೇತ ಬಂದು ಲೈನ್ ಮನೆಗಳಲ್ಲಿದ್ದಾರೆ. ಪಕ್ಕದಲ್ಲಿ ಕೂತಿದ್ದ ಲೈನಿನ ಹೆಂಗಸೊಬ್ಬಳು ಬೆಲ್ಲದ ಕಾಫಿ ಹೇಳಿಕೊಟ್ಟಳು: ನಾಲ್ಕು ಲೋಟ ನೀರಿಗೆ ನಿಂಬೆಗಾತ್ರದ ಬೆಲ್ಲ, ಜಜ್ಜಿದ ಶುಂಠಿ, ಎರಡು ಮೆಣಸಿನ ಕಾಳು ಹಾಕಿ ಕುದಿಸಿ, ಇಳಿಸುವಾಗ ಎರಡು ಚಮಚ ಕಾಫಿಪುಡಿ ಹಾಕಿ ಮುಚ್ಚಿಡಿ. ಪುಡಿ ತಳ ಕಂಡ ಮೇಲೆ ಸೋಸಿ. ಹಾಲು ಬೇಡ. ಊರಿಗೆ ಬಂದು ಮಾಡಿ ನೋಡಿದೆ, ನೆಗಡಿಗೆ ಬಹಳ ಚೆನ್ನ.

ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ಬಸ್ಸು ಬದಲಾಯಿಸಬೇಕು. ಇಲ್ಲಿಂದ ಒಂದು ದಾರಿ ಚಾರ್ಮಾಡಿ ಘಾಟಿ ಇಳಿಯುತ್ತದೆ, ಒಂದು ಕಳಸಕ್ಕೆ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿದ್ದು ಬರೆದು 2007ರಲ್ಲಿ ತೀರಿಕೊಂಡರು. ಅವರ ಹೆಸರಿನ ಪ್ರತಿಷ್ಠಾನ ಇರುವುದು ಈ ಕೊಟ್ಟಿಗೆಹಾರದಲ್ಲಿ. ಅವರು ಹೋದ ಮೇಲೆ ಪತ್ನಿ ರಾಜೇಶ್ವರಿಯವರು 'ನನ್ನ ತೇಜಸ್ವಿ' ಎಂಬ ಪುಸ್ತಕ ಬರೆದರು. ಅವರೂ 2021ರಲ್ಲಿ ತೀರಿಕೊಂಡರು. ನಿಮ್ಮೂರಿನ ಲೈಬ್ರರಿಯಲ್ಲಿ ಇದ್ದರೆ ತಂದು ಓದಿ. ನಮಗೆ ಒಳಗೆ ಹೋಗಲು ಪುರಸೊತ್ತಿರಲಿಲ್ಲ. ಪುರಸೊತ್ತಾದದ್ದು ನೀರುದೋಸೆಗೆ. ಕೊಟ್ಟಿಗೆಹಾರದ ನೀರುದೋಸೆ ಅಂದರೆ ಆ ದಾರಿಯ ಬಸ್ಸಿನವರಿಗೆಲ್ಲ ಗೊತ್ತು. ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿ, ಹಾಲಿಗಿಂತ ತೆಳ್ಳಗೆ ಮಾಡಿ ಕಾದ ಕಾವಲಿಗೆ ಎರಚಬೇಕು, ಹರಡಬಾರದು, ಹುದುಗಿಸಲೂಬಾರದು. ಕಾಯಿಚಟ್ನಿ ಜೊತೆ ಬಂತು. ಅತ್ತೆ ಆರು ತಿಂದರು. ಮಂಡಿ ನೋವಿರುವುದು ಹೊಟ್ಟೆಗಲ್ಲವಲ್ಲ!

ಮುಂದೆ ಕೆಳಗೂರಿನ ಚಹಾ ತೋಟ, ಬೆಟ್ಟಕ್ಕೆ ಹಸಿರು ಕಂಬಳಿ ಹೊದಿಸಿದಂತೆ. ಆಮೇಲೆ ತಿರುವೇ ತಿರುವು. ವಾಂತಿಯಾಗುವವರು ನೆಲ್ಲಿಕಾಯಿ ಅಡಕೆ ಬಾಯಲ್ಲಿಟ್ಟುಕೊಳ್ಳಿ, ಚಕ್ರದ ಮೇಲಿನ ಸೀಟು ಬಿಟ್ಟು ಕೂರಿ. ಕಳಸ ಮುಟ್ಟಿದಾಗ ಕತ್ತಲು. ಭದ್ರಾ ನದಿಯ ತಣ್ಣನೆ ಗಾಳಿ, ಎತ್ತರದಲ್ಲಿ ಕಳಸೇಶ್ವರನ ಗುಡಿಯ ದೀಪ. ಮೆಟ್ಟಿಲುಗಳನ್ನು ಕಂಡು ಅತ್ತೆ ಕೆಳಗಿನಿಂದಲೇ ಕೈ ಮುಗಿದು "ನೀನೇ ಅರ್ಥ ಮಾಡ್ಕೊ" ಅಂದರು. ಆ ಹೊತ್ತಿಗೆ ನಾವು ಬಿಟ್ಟು ಬಂದ ಬೆಟ್ಟದ ಮೇಲೆ ದೀಪ ಹತ್ತಿರಬೇಕು. ಕಳಸದಿಂದ ಕಾಣುವುದಿಲ್ಲ.

ಹೊರನಾಡು ಸೇರಿದಾಗ ಎಂಟು ಹತ್ತಿರ. ಅಲ್ಲಿ ಈಗ ಪೂಜೆಗೊಳ್ಳುವ ಆದಿಶಕ್ತ್ಯಾತ್ಮಕ ಅನ್ನಪೂರ್ಣೇಶ್ವರಿಯ ಮೂರ್ತಿ ಪ್ರತಿಷ್ಠೆಯಾದದ್ದು 1973ರಲ್ಲಿ. ಕ್ಷೇತ್ರ ಬಹಳ ಹಳೆಯದು. ಬಂದವರು ಯಾರೇ ಇರಲಿ, ಊಟ ಮಾಡದೆ ಹೋಗಬಾರದು ಎನ್ನುವುದು ಅಲ್ಲಿನ ರೂಢಿ. ದರ್ಶನ ಮಾಡಿ ಪಂಕ್ತಿಯಲ್ಲಿ ಕುಳಿತೆವು. ಅನ್ನ, ಸಾರು, ಹುಳಿ, ಪಾಯಸ, ಮಜ್ಜಿಗೆ. ಸರಳವಾದ ಊಟ. ಆದರೆ ವರ್ಷವೆಲ್ಲ ಇನ್ನೊಬ್ಬರಿಗೆ ಬಡಿಸಿ ಕೊನೆಗೆ ತಣ್ಣನೆಯದನ್ನು ಉಣ್ಣುವ ನಮ್ಮಂಥವರಿಗೆ, ಯಾರೋ ಬಂದು "ಇನ್ನು ಸ್ವಲ್ಪ ಹಾಕಲಾ ಅಮ್ಮಾ?" ಅಂತ ಬಿಸಿ ಅನ್ನ ಬಡಿಸುವುದು ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಅದೂ ದೀಪಾವಳಿಯ ರಾತ್ರಿ! ಎಲ್ಲ ಮುಗಿಸಿ, ಹಾಲಿನಲ್ಲಿ ಚಾಪೆ ಹಾಸಿ ಉರುಳಿದ್ದಷ್ಟೇ ನೆನಪು.

ಸೋಮವಾರ ಬೆಳಗ್ಗೆ ಬಾಳೆಹೊನ್ನೂರಿನ ಮೇಲೆ ವಾಪಸು. 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಇರುವುದು ಈ ಊರಿನ ಹತ್ತಿರ. ಎಲೆತುಕ್ಕು ರೋಗಕ್ಕೆ ಬಗ್ಗದ ತಳಿಗಳನ್ನು ಬೆಳೆಸಿದ ಜಾಗ. ಚಿಕ್ಕಮಗಳೂರಿನಲ್ಲಿ ಬಸ್ಸಿನ ನಡುವೆ ಸಿಕ್ಕ ಅರ್ಧ ಗಂಟೆಯಲ್ಲಿ ಕಾಫಿಪುಡಿ ಕೊಂಡೆವು. ಕಣ್ಣೆದುರೇ ಹುರಿದು ಬೀಸುವ ಅಂಗಡಿಯಲ್ಲಿ ಕೊಳ್ಳಿ. ಚಿಕೋರಿ ಎಷ್ಟು ಬೆರೆಸಬೇಕೆಂದು ನೀವೇ ಹೇಳಿ. ನೂರಕ್ಕೆ ಇಪ್ಪತ್ತು ಸಾಕು, ಅದಕ್ಕಿಂತ ಹೆಚ್ಚಾದರೆ ಬಣ್ಣ ಬರುತ್ತದೆ, ಕಾಫಿ ಹೋಗುತ್ತದೆ. ಬಿಸಿ ಪುಡಿಯನ್ನು ಆರಿದ ಮೇಲೆ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಹದಿನೈದು ದಿನಕ್ಕೆ ಆಗುವಷ್ಟೇ ತನ್ನಿ.

ಕಡೂರು ಸ್ಟೇಷನ್ನಿನಲ್ಲಿ ರೈಲಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅತ್ತೆ ಕಲ್ಲು ಬೆಂಚಿನ ಮೇಲೆ ಕಾಲು ಚಾಚಿ ಕುಳಿತು, ಪರ್ಸಿನಿಂದ ಸೊನ್ನೆ ರೂಪಾಯಿಯ ಟಿಕೆಟ್ಟುಗಳನ್ನು ತೆಗೆದು ಎಣಿಸಿದರು. ಎರಡು ಸಲ ಎಣಿಸಿ ಮಡಿಸಿ ಇಟ್ಟರು.

"ಮುಂದಿನ ವರ್ಷ ದೀಪಾವಳಿ ಯಾವ ವಾರ ಬರುತ್ತೆ ನೋಡೇ."

ಮೊಬೈಲಿನಲ್ಲಿ ನೋಡಿದೆ. ನರಕ ಚತುರ್ದಶಿ ಗುರುವಾರ.

"ಹಂಗಾದ್ರೆ ರಜ ಜಾಸ್ತಿ ಸಿಗುತ್ತೆ" ಅಂದರು. "ಮಂಡಿ ಆಪರೇಷನ್ನು ಯುಗಾದಿ ಹೊತ್ತಿಗೆ ಮಾಡಿಸಿಬಿಡೋಣ."